ಕಿವಿಗೆ ಬಿಟ್ಟ ಎಣ್ಣೆ

ಮನೆಯಲ್ಲಿ ವೈನ್ ಮಾಡಲು ಬೇಕಾದ ಸಾಮಾನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುತ್ತದೆ ಎಂಬುದು ನನಗೆ ಗೊತ್ತಾದದ್ದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ನನ್ನ ಸೊಸೆಯಿಂದ. ರೂಪಾ ಇಲ್ಲೇ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಕ್ರಿಸ್‌ಮಸ್ ದಿನ ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳ ಮನೆಯಲ್ಲಿ ದ್ರಾಕ್ಷಿ ವೈನಿನ ರುಚಿ ನೋಡಿ ಬಂದವಳಿಗೆ ತಾನೂ ಮಾಡಬೇಕೆಂಬ ಹುಚ್ಚು ಹಿಡಿಯಿತು. ಮಗ ನಕ್ಕ. ನಮ್ಮಂಥ ಲಿಂಗವಂತರ ಮನೆಯಲ್ಲಿ ಇದೇನು ಎಂದು ನಾನು ಕೇಳುತ್ತೇನೆಂದು ಇಬ್ಬರೂ ಕಾದಿದ್ದರೋ ಏನೋ, ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗೆ ಏಕಿಲ್ಲ ಎನ್ನುವುದೇ ಈ ಅಧ್ಯಾಯ. ಒಂದು ಭಾನುವಾರ ಬೆಳಿಗ್ಗೆ ಅವಳು ತಿಂಡಿಯ ತಟ್ಟೆ ಸರಿಸಿ, ಫೋನನ್ನು ನನ್ನ ಮುಂದೆ ಹಿಡಿದು ಕುಳಿತಳು. ಅಪ್ಪನಿಂದ ಬಂದ ಗ್ರಂದಿಗೆ ಅಂಗಡಿಯಲ್ಲಿ ಬೇರು, ನಾರು, ಒಣದ್ರಾಕ್ಷಿ, ಕರ್ಪೂರ ಮಾರುತ್ತ ನಲವತ್ತು ವರ್ಷ ಕಳೆದವನು ನಾನು. ಜಾಡಿ, ಡಬ್ಬ, ಮುಚ್ಚಳಗಳ ವಿಷಯ ನನಗೆ ತಿಳಿದಿರುತ್ತದೆ ಎಂದು ಅವಳ ನಂಬಿಕೆ.

“ಮಾವ, ನಂಗೆ ಇದು ಮೊದ್ಲ ಸಲ. ಮೂರು ಥರ ಕಿಟ್ ಇದಾವೆ. ಯಾವ್ದು ತಗೊಳ್ಳಲಿ ನೀವೇ ಹೇಳಿ.”

ಒಂದರಲ್ಲಿ ಇಪ್ಪತ್ತು ಲೀಟರಿನ ಗಾಜಿನ ಬುರುಡೆ, ಸಿಹಿ ಎಷ್ಟಿದೆಯೆಂದು ತೇಲಿ ತೋರಿಸುವ ಗಾಜಿನ ಕಡ್ಡಿ, ರಬ್ಬರ್ ನಳಿಕೆ, ಶೀಷೆಗೆ ಬಿರಡೆ ಹೊಡೆಯುವ ಯಂತ್ರ ಎಲ್ಲ ಇತ್ತು. ಮೊದಲ ಸಲ ಮಾಡುವವಳಿಗೆ ಅದು ಅತಿಯಾಯಿತು, ಕೆಟ್ಟರೆ ಇಪ್ಪತ್ತು ಲೀಟರೂ ಮೋರಿಗೆ, ಎಂದೆ. ಇನ್ನೊಂದು ಐದು ಲೀಟರಿನ ಗಾಜಿನ ಜಾಡಿ. ಅದರ ಬಾಯಿಗೆ ರಬ್ಬರಿನ ಬಿರಡೆ, ಬಿರಡೆಯ ಮೇಲೆ ನೀರು ತುಂಬುವ ಒಂದು ಪುಟ್ಟ ಡೊಂಕು ಕೊಳವೆ. ಮೂರನೆಯದು ಬಿಳಿಯ ಪ್ಲಾಸ್ಟಿಕ್ ಬಕೆಟ್ಟು, ಸುತ್ತಲೂ ಕ್ಲಿಪ್ ಹಾಕಿ ಒತ್ತುವ ಮುಚ್ಚಳ. ರೂಪಾಳಿಗೆ ಹಿಡಿಸಿದ್ದು ಆ ಬಕೆಟ್ಟು.

“ಇದೇ ಇರ್ಲಿ ಅಲ್ವಾ ಮಾವ? ಮುಚ್ಚಳ ಎಷ್ಟು ಬಿಗಿ ಅಂದ್ರೆ ವಾಸನೇನೇ ಆಚೆ ಬರಲ್ವಂತೆ. ಅಕ್ಕಪಕ್ಕದೋರಿಗೂ ಗೊತ್ತಾಗಲ್ಲ.”

ನಾನು ಕಾಫಿ ಲೋಟ ಕೆಳಗಿಟ್ಟೆ. ಅದು ಬೇಡ ಎಂದೆ. ಹುಳಿ ಬರುವಾಗ ಒಳಗಿನಿಂದ ಉಸಿರು ಬರುತ್ತದೆ, ಅದಕ್ಕೆ ಹೋಗಲು ದಾರಿ ಬೇಕು, ದಾರಿ ಕೊಡದಿದ್ದರೆ ಒಡೆದುಕೊಂಡು ಹೋಗುತ್ತದೆ, ಆ ಕೊಳವೆ ಇರುವ ಜಾಡಿಯನ್ನೇ ತರಿಸು ಎಂದೆ. ಹೇಳಿದ ರೀತಿ ಸ್ವಲ್ಪ ಗಟ್ಟಿಯಾಗಿಯೇ ಇತ್ತೆಂದು ಕಾಣುತ್ತದೆ. ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದು ಅವಳು ಕೇಳಿದಳು. ಅಂಗಡಿಗೆ ಬರುತ್ತಿದ್ದ ಯಾರೋ ಪಂಡಿತರು ಹೇಳಿದ್ದರು ಎಂದೆ. ಅರವತ್ತು ವರ್ಷ ಕಳೆದ ಮೇಲೂ ಅದೇ ಜಾಡಿಯ ವಿಷಯಕ್ಕೆ ನನ್ನ ಬಾಯಿಂದ ಬಂದದ್ದು ಇನ್ನೊಂದು ಸುಳ್ಳು.

ಆಗ ನಮ್ಮ ಮನೆ ಕಪಿಲಾ ನದಿಗೆ ಇಳಿಯುವ ಬೀದಿಯಲ್ಲಿತ್ತು. ಬೀದಿಯ ಕಡೆಗೆ ಹಜಾರ, ಅದರ ಹಿಂದೆ ನಡುಮನೆ, ನಡುಮನೆಯ ಎಡಕ್ಕೆ ಅಡಿಗೆಮನೆ, ಬಲಕ್ಕೆ ಒಂದೇ ಕಿಟಕಿಯ ಉಗ್ರಾಣ. ಅಪ್ಪನ ಅಂಗಡಿಯ ಹೆಚ್ಚಿನ ಸಾಮಾನೆಲ್ಲ ಆ ಉಗ್ರಾಣದಲ್ಲಿ ಇರುತ್ತಿತ್ತು. ಹಿಪ್ಪಲಿ, ಲವಂಗ, ಸುಗಂಧಿ ಬೇರುಗಳ ಚೀಲಗಳ ನಡುವೆ ಚಾಪೆ ಹಾಸಿಕೊಂಡು ಅತ್ತೆ ಮತ್ತು ನಾನು ಮಲಗುತ್ತಿದ್ದೆವು. ಅತ್ತೆ ಎಂದರೆ ಅಪ್ಪನ ತಂಗಿ ಚೆನ್ನಾಜಮ್ಮ. ಅವಳನ್ನು ನರಸೀಪುರಕ್ಕೆ ಕೊಟ್ಟಿತ್ತು. ಅವಳ ಮಾವ ಆ ಕಡೆ ಹೆಸರಾಗಿದ್ದ ನಾಟಿ ಪಂಡಿತರು. ಮಗನಿಗೆ ಔಷಧಿಯ ಮೇಲೆ ಮನಸ್ಸಿಲ್ಲದ್ದರಿಂದ ಮುದುಕರು ಸೊಸೆಗೇ ಕೆಲಸ ಕಲಿಸಿದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮದುವೆಯಾದ. ಮಾವ ಇರುವ ತನಕ ಹೇಗೋ ನಡೆಯಿತು. ಅವರು ತೀರಿಕೊಂಡ ಮೇಲೆ ಅತ್ತೆ ಒಂದು ದಿನ ಮಧ್ಯಾಹ್ನದ ಬಸ್ಸಿಗೆ ನಮ್ಮ ಮನೆಗೆ ಬಂದಳು. ಬಟ್ಟೆಯ ಗಂಟು ಕೈಯಲ್ಲಿತ್ತು. ಗೋಣಿಚೀಲದಲ್ಲಿ ಸುತ್ತಿದ, ಅವಳ ಸೊಂಟದೆತ್ತರ ಬರುವ ಪಿಂಗಾಣಿ ಜಾಡಿಯನ್ನು ಕಂಡಕ್ಟರು ಇಳಿಸಿಕೊಟ್ಟ. ಮಾವನ ಮನೆಯಿಂದ ಅವಳು ಕೇಳಿ ತಂದದ್ದು ಅದೊಂದನ್ನೇ.

ಆ ಜಾಡಿಯಲ್ಲಿ ಅತ್ತೆ ದ್ರಾಕ್ಷಿಯ ಅರಿಷ್ಟ ಮಾಡುತ್ತಿದ್ದಳು. ಬಾಣಂತಿಯರಿಗೆ, ಜ್ವರ ಬಿಟ್ಟು ಎದ್ದವರಿಗೆ, ಊಟ ಸೇರದ ಮುದುಕರಿಗೆ ಕೊಡುವ ಔಷಧಿ ಅದು. ಒಣದ್ರಾಕ್ಷಿ ಜಜ್ಜಿ ನೀರು ಕಾಲುಭಾಗಕ್ಕೆ ಇಳಿಯುವ ತನಕ ಕುದಿಸಿ, ಆರಿಸಿ, ಬೆಲ್ಲ ಕದಡಿ, ಒಳಗೆಲ್ಲ ತುಪ್ಪ ಸವರಿದ ಜಾಡಿಗೆ ಸುರಿಯುತ್ತಿದ್ದಳು. ಮೇಲೆ ಒಣಗಿದ ಧಾತಕಿ ಹೂವು ಉದುರಿಸಿ, ಈ ಹೂವು ಬೀಳದಿದ್ದರೆ ಅದಕ್ಕೆ ಜೀವ ಬರುವುದಿಲ್ಲ ಎನ್ನುತ್ತಿದ್ದಳು. ರೂಪಾಳ ಕಿಟ್ಟಿನಲ್ಲಿ ಅದರ ಬದಲಿಗೆ ಯೀಸ್ಟಿನ ಒಂದು ಪೊಟ್ಟಣ ಇದೆ. ಹುಲ್ಲಹಳ್ಳಿಯ ಮಿಲ್ಲಿನಿಂದ ತರಿಸಿದ ಭತ್ತದ ಹೊಟ್ಟನ್ನು ಉಗ್ರಾಣದ ಮೂಲೆಯಲ್ಲಿ ಗುಡ್ಡೆ ಹಾಕಿ, ಜಾಡಿಯನ್ನು ಕತ್ತಿನವರೆಗೆ ಅದರಲ್ಲಿ ಹೂಳುತ್ತಿದ್ದಳು. ಮೊದಲ ದಿನಗಳಲ್ಲಿ ಬಾಯಿಗೆ ಬರೀ ಬಟ್ಟೆ, ಅದಕ್ಕೊಂದು ಸಡಿಲ ಗಂಟು. ಒಳಗಿನದು ಹುಳಿ ಬರುತ್ತ ಚಿಟಪಟ ಎನ್ನಲು ಶುರುವಾಗುತ್ತಿತ್ತು. ತೆಂಗಿನ ಗರಿಯ ಮೇಲೆ ತುಂತುರು ಮಳೆ ಬಿದ್ದ ಹಾಗೆ ಸಣ್ಣ ಸದ್ದು. ಅತ್ತೆ ಅದಕ್ಕೆ ಜಾಡಿ ಮಾತಾಡುವುದು ಎನ್ನುತ್ತಿದ್ದಳು. ದಿನವೂ ಬೆಳಿಗ್ಗೆ ಮುಖ ತೊಳೆದವಳೇ ಬಂದು, ಮಂಡಿಯೂರಿ, ಜಾಡಿಯ ಕತ್ತಿಗೆ ಕಿವಿ ಇಟ್ಟು ಕಣ್ಣು ಮುಚ್ಚುತ್ತಿದ್ದಳು. ಮಾತು ಪೂರ್ತಿ ನಿಂತಮೇಲೆಯೇ ಮುಚ್ಚಳ ಇಟ್ಟು, ಜೇಡಿಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಹುರಿಯಿಂದ ಅಡ್ಡಡ್ಡ ಬಿಗಿದು ಒಂದು ತಿಂಗಳು ಮುಟ್ಟದೆ ಬಿಡುವುದು. ಅನುಮಾನ ಬಂದರೆ ಬೆಂಕಿಕಡ್ಡಿ ಗೀರಿ ಜಾಡಿಯ ಬಾಯಿಗೆ ಹಿಡಿಯುತ್ತಿದ್ದಳು. ಕಡ್ಡಿ ಆರಿದರೆ ಒಳಗೆ ಇನ್ನೂ ಉಸಿರಿದೆ, ಉರಿಯುತ್ತಲೇ ಇದ್ದರೆ ಮುಚ್ಚಬಹುದು. ನನ್ನನ್ನೂ ಪಕ್ಕದಲ್ಲಿ ಮಂಡಿಯೂರಿಸಿಕೊಂಡು ಕೇಳುವುದನ್ನು ಕಲಿಸಿದಳು. ಎರಡನೆಯ ಜಾಡಿಯ ಹೊತ್ತಿಗೆ ನನ್ನ ಕಿವಿ ಅವಳದಕ್ಕಿಂತ ಚುರುಕಾಗಿತ್ತು.

“ನಿಂದು ಎಳೇ ಕಿವಿ ಕಣ್ಲಾ ಮಗಾ. ನಂದಕ್ಕಿಂತ ನಿಂದೇ ವಾಸಿ.”

ಅವ್ವನಿಗೆ ಇದು ಯಾವುದೂ ಸರಿಬರುತ್ತಿರಲಿಲ್ಲ. ಒಲೆಗೆ ಇಬ್ಬರು ಹೆಂಗಸರಾದರೆ ಆಗುವ ಜಗಳ ನಮ್ಮ ಮನೆಯಲ್ಲಿ ದಿನವೂ ಆಗುತ್ತಿತ್ತು. ದ್ರಾಕ್ಷಿ ಕುದಿಸಲು ಅತ್ತೆ ಒಲೆ ಹಿಡಿದ ದಿನ ಮುದ್ದೆಗೆ ಎಸರಿಡುವುದು ತಡವಾಗುತ್ತಿತ್ತು, ತಡವಾದ ಸಿಟ್ಟಿಗೆ ಅವ್ವ ಉಪ್ಪೆಸರಿಗೆ ಖಾರ ಹೆಚ್ಚು ಹಾಕುತ್ತಿದ್ದಳು, ಅಪ್ಪ ಏನೂ ಹೇಳದೆ ಬೆವರುತ್ತ ಉಣ್ಣುತ್ತಿದ್ದ. ಅಪ್ಪ ಅತ್ತೆಯ ಪರ ಮಾತಾಡಿದ್ದು ನನಗೆ ನೆನಪಿಲ್ಲ, ಎದುರು ಮಾತಾಡಿದ್ದೂ ನೆನಪಿಲ್ಲ. ಅರಿಷ್ಟ ಕೇಳಿಕೊಂಡು ದೂರದಿಂದ ಜನ ಅಂಗಡಿಗೆ ಬರುತ್ತಿದ್ದರು, ಬಂದವರು ಬೇರೆಯದನ್ನೂ ಕೊಳ್ಳುತ್ತಿದ್ದರು. ಗಂಡನ ಮನೆ ಬಿಟ್ಟು ಬಂದವಳಿಗೆ ನಮ್ಮ ಮನೆಯಲ್ಲಿ ಸಿಕ್ಕಿದ್ದ ಜಾಗ ಆ ಜಾಡಿ ಕುಳಿತಿದ್ದಷ್ಟೇ ಅಗಲ. ಅದು ಅವಳಿಗೆ ಗೊತ್ತಿತ್ತು. ಊಟಕ್ಕೆ ಕೊನೆಯಲ್ಲಿ ಕೂರುತ್ತಿದ್ದಳು, ಬೆಳಿಗ್ಗೆ ಮೊದಲು ಏಳುತ್ತಿದ್ದಳು. ರಸಬಾಳೆ ಗೊನೆ ಮನೆಗೆ ಬಂದರೆ ತನ್ನ ಪಾಲಿನ ಹಣ್ಣನ್ನು ನನಗೆ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ.

ನನಗೆ ಹತ್ತು ತುಂಬಿದ ವರ್ಷ ಸ್ಕೂಲಿನಲ್ಲಿ ಒಂದು ತೊಂದರೆ ಶುರುವಾಯಿತು. ಉಗ್ರಾಣದಲ್ಲಿ ಮಲಗುವವನ ಬಟ್ಟೆಗೆ ಅಲ್ಲಿಯ ವಾಸನೆ ಹತ್ತದೆ ಇರುತ್ತದೆಯೇ? ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಶಿವಣ್ಣ ಒಂದು ದಿನ ಎಲ್ಲರೆದುರು ನನ್ನ ಅಂಗಿಯ ತೋಳು ಎಳೆದು ಮೂಸಿದ.

“ಏನ್ಲಾ ನಂಜುಂಡ, ನಿಮ್ಮನೇಲಿ ಎಂಡ ಕಾಯಿಸ್ತಾರಾ? ಲಿಂಗ ಕಟ್ಟೋರ ಮನೇಲಿ ಇದೇನ್ಲಾ ಗಮಲು?”

ಅಂದಿನಿಂದ ನನ್ನ ಹೆಸರಿಗೆ ಹೆಂಡ ಸೇರಿಕೊಂಡಿತು. ನಾನು ಅಂಗಿಯನ್ನು ಹಿತ್ತಲ ಹಗ್ಗದ ಮೇಲೆ ಹಾಕಿ ಗಾಳಿಗೆ ಬಿಡುತ್ತಿದ್ದೆ, ವಿಭೂತಿಯ ಪುಡಿ ಉಜ್ಜುತ್ತಿದ್ದೆ. ಹಜಾರದಲ್ಲಿ ಮಲಗುತ್ತೇನೆ ಎಂದೆ. ಅತ್ತೆ, ಯಾಕಪ್ಪ ನಾನು ಗೊರಕೆ ಹೊಡೀತೀನಾ, ಎಂದು ಕೇಳಿದಳು. ಅವಳ ಮುಖ ನೋಡಿ ಮತ್ತೆ ಉಗ್ರಾಣಕ್ಕೇ ಚಾಪೆ ತಂದೆ. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಜಾಡಿಯ ಮೇಲೆ ಇತ್ತು.

ಹೀಗಿರುವಾಗಲೇ ನನಗೆ ಲಿಂಗದೀಕ್ಷೆ ಕೊಡಿಸುವುದೆಂದು ತೀರ್ಮಾನವಾಯಿತು. ಮಠದ ಸ್ವಾಮಿಗಳನ್ನು ನಮ್ಮ ಕಡೆ ಬುದ್ಧಿಯವರು ಎನ್ನುತ್ತಾರೆ. ಬುದ್ಧಿಯವರು ನಮ್ಮ ಮನೆಗೇ ಬರುವುದು, ಅವರ ಪಾದಪೂಜೆ ಮಾಡಿ, ನನಗೂ ಬೀದಿಯ ಇನ್ನು ನಾಲ್ಕು ಹುಡುಗರಿಗೂ ದೀಕ್ಷೆ, ಆಮೇಲೆ ಐವತ್ತು ಜನಕ್ಕೆ ಊಟ. ಇದನ್ನೆಲ್ಲ ಗೊತ್ತುಮಾಡಿದವರು ಅಪ್ಪನ ದೊಡ್ಡಪ್ಪನ ಮಗ ಗುರುಸಿದ್ದಪ್ಪನವರು. ಬೀದಿಯಲ್ಲಿ ಅವರ ಮಾತೇ ಕಡೆಯ ಮಾತು. ಆ ನಾಲ್ಕು ಹುಡುಗರಲ್ಲಿ ಶಿವಣ್ಣನೂ ಒಬ್ಬ. ಅವನು ನಮ್ಮ ನಡುಮನೆಯಲ್ಲಿ, ಉಗ್ರಾಣದ ಬಾಗಿಲಿಗೆ ನಾಲ್ಕು ಮಾರು ದೂರದಲ್ಲಿ ಕುಳಿತುಕೊಳ್ಳುತ್ತಾನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಜಾಡಿ ತುಂಬಿಸಿ ಇನ್ನೂ ಎಂಟು ದಿನ. ಬಿಸಿಲು ಕಾಲ. ಮನೆಯೆಲ್ಲ ಘಮ್ಮೆನ್ನುತ್ತಿತ್ತು.

ಹಿಂದಿನ ದಿನ ಸಂಜೆ ಮನೆಯ ತುಂಬ ಹೆಂಗಸರು. ಒಬ್ಬರು ಬೇಳೆ ರುಬ್ಬುವುದು, ಒಬ್ಬರು ಕಾಯಿ ತುರಿಯುವುದು, ಹಜಾರದಲ್ಲಿ ಸುಣ್ಣ ಬಳಿಯುವವರ ಗದ್ದಲ. ವಾಸನೆ ಬರುತ್ತಿದೆಯೆಂದು ಅವ್ವ ಎರಡು ಸಲ ಹೇಳಿಯಾಗಿತ್ತು. ಅತ್ತೆ ಕೈಗೆ ಹತ್ತಿದ ಕಡಲೆಬೇಳೆ ಒರೆಸಿಕೊಂಡು ಉಗ್ರಾಣಕ್ಕೆ ಬಂದು, ಬಾಗಿಲು ಮುಂದೆ ಮಾಡಿ, ಮಂಡಿಯೂರಿ ಕಿವಿ ಇಟ್ಟಳು. ಬಹಳ ಹೊತ್ತು ಕೇಳಿದಳು. ನಾನು ಇನ್ನೊಂದು ಬದಿಯಲ್ಲಿ ಕಿವಿ ಇಟ್ಟಿದ್ದೆ.

“ಸಣ್ಣಗೆ ಮಾತಾಡ್ತಾ ಅದೆ ಅಲ್ವೇನ್ಲಾ? ನಿಂಗೆ ಕೇಳ್ತದಾ?”

ಕೇಳುತ್ತಿತ್ತು. ಸಣ್ಣಗೆ ಏನು, ಚೆನ್ನಾಗಿಯೇ ಕೇಳುತ್ತಿತ್ತು.

“ಇಲ್ಲ ಅತ್ತೆ. ಅಡಿಗೆಮನೇಲಿ ಎಣ್ಣೆ ಚಟಪಟ ಅಂತಿರೋದು ಅದು.”

ಅವಳು ಇನ್ನೊಮ್ಮೆ ಕಿವಿ ಇಟ್ಟಳು. ಆಮೇಲೆ ಬೆಂಕಿಕಡ್ಡಿ ಗೀರಿ ಜಾಡಿಯ ಬಾಯಿಗೆ ಹಿಡಿದಳು. ಕಡ್ಡಿ ತಟ್ಟನೆ ಆರಿತು. ಅವಳು ನನ್ನ ಮುಖ ನೋಡಿದಳು. ಕಿಟಕಿ ತೆಗೆದಿದೆಯಲ್ಲ ಅತ್ತೆ, ಗಾಳಿ, ಎಂದೆ. ಆ ಹೊತ್ತಿಗೆ ಅವ್ವ ಹೂರಣ ತಳ ಹಿಡಿಯುತ್ತಿದೆಯೆಂದು ಕೂಗಿದಳು. ಅತ್ತೆ ಆರಿದ ಕಡ್ಡಿಯನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದಳು. ನಿಂಗೆ ಕೇಳಿಲ್ಲ ಅಂದ್ರೆ ಇಲ್ಲ ಬಿಡು, ಎಂದು ಎದ್ದಳು. ಮುಚ್ಚಳ ಇಟ್ಟು, ಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಹುರಿಯನ್ನು ಅಡ್ಡಡ್ಡ ಎಳೆದು ಬಿಗಿಯುವಾಗ ಗಂಟಿನ ಮೇಲೆ ಬೆರಳು ಒತ್ತಿ ಹಿಡಿದುಕೊಂಡವನು ನಾನು. ವಾಸನೆ ನಿಂತಿತು. ನನಗೆ ಎಷ್ಟು ಸುಖವಾಯಿತೆಂದರೆ ಆ ರಾತ್ರಿ ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಮಾರನೆಯ ದಿನ ಬುದ್ಧಿಯವರು ನಡುಮನೆಯಲ್ಲಿ ಮಣೆಯ ಮೇಲೆ ಕುಳಿತರು. ಪಾದಪೂಜೆಯಾಯಿತು. ನಮ್ಮ ಐವರನ್ನೂ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಎಡ ಅಂಗೈ ಮೇಲೆ ಲಿಂಗ ಇಟ್ಟು, ಕಿವಿಯಲ್ಲಿ ಮಂತ್ರ ಹೇಳಿದರು. ಮೆಲುದನಿಯ ಮನುಷ್ಯ. ಇನ್ನು ಮೇಲೆ ಸುಳ್ಳು ಹೇಳಬಾರದು ಮಗು ಎಂದು ಪ್ರತಿಯೊಬ್ಬನಿಗೂ ಬೇರೆಬೇರೆಯಾಗಿ ಹೇಳಿದರು. ಪ್ರತಿಯೊಬ್ಬನೂ ಇಲ್ಲ ಬುದ್ಧಿ ಎನ್ನಬೇಕು. ನಾನು ಅಂದೆ. ನನ್ನ ನಂತರ ಶಿವಣ್ಣ. ಅವನು ಬಾಯಿ ತೆರೆಯುವ ಹೊತ್ತಿಗೆ ಉಗ್ರಾಣದಿಂದ ಬಂಡೆ ಸಿಡಿದಂಥ ಸದ್ದು ಬಂತು. ಎಲ್ಲರೂ ಬೆಚ್ಚಿಬಿದ್ದರು. ಎದ್ದು ನೋಡುವಷ್ಟರಲ್ಲಿ ಬಾಗಿಲ ಅಡಿಯಿಂದ ಕೆಂಪನೆಯ ನೀರು ಹೊಟ್ಟನ್ನು ತೇಲಿಸಿಕೊಂಡು ಹರಿದು ಬಂತು. ನೆಲ ನಡುಮನೆಯ ಕಡೆಗೇ ಇಳಿಜಾರು. ರಂಗೋಲಿ ಕಲಸಿಕೊಂಡು ಅದು ಬುದ್ಧಿಯವರ ಮಣೆಯ ಕಾಲಿನವರೆಗೆ ಬಂದು ನಿಂತಿತು. ಎಂಟು ದಿನ ಹುಳಿ ಬಂದ ದ್ರಾಕ್ಷಿಯ ವಾಸನೆ ಎಂಥದೆಂದು ಅಲ್ಲಿ ಕೂತಿದ್ದ ಗಂಡಸರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಬುದ್ಧಿಯವರು ಸಿಟ್ಟಾಗಲಿಲ್ಲ. ಇದೇನು ತಾಯಿ ಎಂದು ಕೇಳಿದರು. ಬಾಣಂತಿಯರ ಔಷಧಿ ಬುದ್ಧಿ ಎಂದು ಅತ್ತೆ ಬಾಗಿಲಲ್ಲಿ ನಿಂತು ಹೇಳಿದಳು. ಅವರು ತಲೆಯಾಡಿಸಿದರು. ಆದರೆ ಗುರುಸಿದ್ದಪ್ಪನವರು ಆಗಲೇ ಎದ್ದು ನಿಂತಿದ್ದರು. ಬುದ್ಧಿಯವರ ಪ್ರಸಾದ ತಮ್ಮ ಮನೆಯಲ್ಲಿ ಆಗುತ್ತದೆಂದು ಹೇಳಿ, ಕೈ ಮುಗಿದು ಅವರನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ಬೀದಿಯ ಜನ ಹಿಂದೆ ಹೋದರು. ಐವತ್ತು ಜನರ ಅಡಿಗೆ ನಮ್ಮ ಮನೆಯಲ್ಲಿ ಹಾಗೇ ಉಳಿಯಿತು. ಅಪ್ಪ ನಡುಮನೆಯ ಕಂಬ ಹಿಡಿದು ನಿಂತಿದ್ದ. ಆ ಔಷಧಿಯನ್ನು ತನ್ನ ಕೈಯಾರೆ ಶೀಷೆಗೆ ತುಂಬಿ ಮಾರುತ್ತಿದ್ದವನು, ಅದು ಏನೆಂದು ಅತ್ತೆಯಷ್ಟೇ ಬಲ್ಲವನು, ಗುರುಸಿದ್ದಪ್ಪನವರ ಎದುರು ಒಂದು ಮಾತು ಆಡಲಿಲ್ಲ. ಎಲ್ಲರೂ ಹೋದಮೇಲೆ ಅತ್ತೆಯ ಕಡೆ ತಿರುಗಿದ.

“ನೋಡ್ದೆ ಮುಚ್ಚಿಬುಟ್ಯಾ ಚೆನ್ನಾಜಿ?”

“ನೋಡೇ ಮುಚ್ಚಿದ್ದು ಅಣ್ಣಯ್ಯ. ನನ್ ಕಿವಿ ಮೋಸ ಮಾಡ್ತು.”

ನಾನು ಅಲ್ಲೇ ಇದ್ದೆ. ಕೊರಳಲ್ಲಿ ಹೊಸ ಶಿವದಾರ, ಹಣೆಯಲ್ಲಿ ವಿಭೂತಿ. ಅವಳು ನನ್ನ ಹೆಸರು ಹೇಳುತ್ತಾಳೆಂದು ಕಾದೆ. ಹೇಳಿದ್ದರೆ ಅಳುತ್ತಿದ್ದೆ, ಅತ್ತರೆ ನಿಜ ಬರುತ್ತಿತ್ತೋ ಏನೋ. ಅವಳು ಹೇಳಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಡೆದ ಜಾಡಿಯ ಬೋಕಿಗಳನ್ನು ಆರಿಸತೊಡಗಿದಳು. ನಾನು ಗೋಣಿಚೀಲ ಹಿಡಿದು ನಿಂತೆ.

ಹೆಂಡ ಕಾಯಿಸುವ ಮನೆ ಎಂಬ ಮಾತು ಎರಡು ದಿನಗಳಲ್ಲಿ ದೇವಸ್ಥಾನದ ಬೀದಿಯವರೆಗೆ ಹೋಯಿತು. ಜಾಡಿ ಹೋಯಿತು, ಅರಿಷ್ಟ ಹೋಯಿತು, ಅದರ ಜೊತೆಗೆ ಅತ್ತೆ ಆ ಮನೆಯಲ್ಲಿರಲು ಇದ್ದ ಕಾರಣವೂ ಹೋಯಿತು. ಅವಳನ್ನು ಗಂಡನ ಮನೆಗೆ ಬಿಟ್ಟುಬರುವುದೇ ಸರಿ ಎಂದು ಗುರುಸಿದ್ದಪ್ಪನವರು ಹೇಳಿದರು, ಅಪ್ಪ ಹೂಂ ಎಂದ. ಆದರೆ ಹೊರಡುವ ತನಕದ ಆ ಹತ್ತು ದಿನ ಅತ್ತೆಗಿದ್ದ ಚಿಂತೆ ಬೇರೆಯೇ. ಇಷ್ಟು ಎಳೆಯ ವಯಸ್ಸಿಗೆ ಹುಡುಗನಿಗೆ ಜಾಡಿಯ ಮಾತು ಕೇಳಿಸಲಿಲ್ಲವೆಂದರೆ ಕಿವಿಯಲ್ಲಿ ಏನೋ ಐಬಿದೆ ಎಂದು ಅವಳು ನಂಬಿಬಿಟ್ಟಿದ್ದಳು. ದಿನವೂ ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆಯನ್ನು ಬೆಚ್ಚಗೆ ಆರಿಸಿ, ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದು ಕಿವಿಗೆ ಬಿಟ್ಟು, ಅದು ಇಳಿಯುವ ತನಕ ಕಾದು, ಇನ್ನೊಂದು ಕಿವಿಗೆ ಬಿಡುತ್ತಿದ್ದಳು. ಎಣ್ಣೆ ಇಳಿಯುವಾಗ ಲೋಕವೆಲ್ಲ ದೂರ ಹೋದಂತೆ ಆಗುತ್ತಿತ್ತು. ಅವಳು ಮೇಲಿನಿಂದ ಏನೋ ಹೇಳುತ್ತಿದ್ದಳು. ಕೇಳಿಸುತ್ತಿರಲಿಲ್ಲ. ಈಗ ಹೇಳಿಬಿಡೋಣ ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಎದ್ದು ಕುಳಿತಾಗ ಅವಳು ಮೆಲ್ಲಗೆ ಚಿಟಿಕೆ ಹೊಡೆದು, ಕೇಳ್ತದಾ ಎನ್ನುತ್ತಿದ್ದಳು. ಕೇಳ್ತದೆ ಎನ್ನುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ ಅಪ್ಪನಿಗೆ ಹೇಳಿದ ಕೊನೆಯ ಮಾತೂ ಅದೇ.

“ಮೈಸೂರ್ಗೆ ಕರ್ಕೊಂಡೋಗಿ ಇವನ ಕಿವಿ ತೋರ್ಸು ಅಣ್ಣಯ್ಯ. ಮರೀಬ್ಯಾಡ.”

ಅಪ್ಪ ಮರೆಯಲಿಲ್ಲ. ತಂಗಿಗೆ ಬೇರೇನೂ ಮಾಡಲಾಗದವನು ಅದೊಂದನ್ನು ಮಾಡಿದ. ಮೈಸೂರಿನ ಆಸ್ಪತ್ರೆಯ ಡಾಕ್ಟರು ಕಿವಿಯ ಹತ್ತಿರ ಗಡಿಯಾರ ಹಿಡಿದು, ದೂರ ಹೋಗಿ ಪಿಸುಗುಟ್ಟಿ, ಹುಡುಗನ ಕಿವಿ ಬಹಳ ಚೆನ್ನಾಗಿದೆಯಲ್ಲ, ಯಾಕೆ ಕರೆತಂದಿರಿ ಎಂದರು. ಅಪ್ಪ ನನ್ನ ಮುಖ ನೋಡಿದ. ಅವನಿಗೆ ಅವತ್ತು ಗೊತ್ತಾಯಿತೆಂದೇ ನನ್ನ ಅನಿಸಿಕೆ. ಬರುವಾಗ ರೈಲಿನಲ್ಲಿ ನನಗೆ ಕಡಲೆಕಾಯಿ ಕೊಡಿಸಿದ. ಇಬ್ಬರೂ ಸಿಪ್ಪೆ ಬಿಡಿಸುತ್ತ ಕಿಟಕಿಯ ಆಚೆ ನೋಡುತ್ತ ಬಂದೆವು. ಸುಮ್ಮನಿರುವುದನ್ನು ನಾನು ಅಪ್ಪನಿಂದ ಕಲಿತೆ. ಆಮೇಲೆ ಬದುಕಿನಲ್ಲಿ ಬೇರೆ ಎಷ್ಟೋ ಕಡೆ ಅದನ್ನೇ ಬಳಸಿದೆ.

ನರಸೀಪುರದಲ್ಲಿ ಅತ್ತೆ ಸವತಿಯ ಮಕ್ಕಳನ್ನು ಸಾಕಿದಳು. ಅವರು ಅವಳನ್ನು ದೊಡ್ಡವ್ವ ಎಂದು ಕರೆದರು. ಕೆಟ್ಟವರಲ್ಲ. ಗಂಡ ಹೋದ, ಸವತಿಯೂ ಹೋದಳು. ಕಿರಿಯವನಾದ ಮಹದೇವನ ಮನೆಯಲ್ಲಿ ಈಗಲೂ ಇದ್ದಾಳೆ. ಎಂಬತ್ತೈದು ದಾಟಿದೆ. ಆ ಊರಿನಲ್ಲಿ ಅವಳ ಮಾವನ ಹೆಸರು ಹಿಡಿದು ಅರಿಷ್ಟ ಮಾಡಿಕೊಡಿ ಎಂದು ಜನ ಬಹಳ ವರ್ಷ ಕೇಳಿದರಂತೆ. ನನ್ನ ಕಿವಿ ಹೋಗಿದೆ, ಇನ್ನು ಅದಕ್ಕೆ ಕೈ ಹಾಕಬಾರದು ಎಂದು ಎಲ್ಲರಿಗೂ ಅವಳದು ಒಂದೇ ಉತ್ತರ. ಆಗ ಅವಳಿಗೆ ಮೂವತ್ತೂ ಆಗಿರಲಿಲ್ಲ. ಮದುವೆಗೆ, ಸಾವಿಗೆ ನಾನು ಆ ಮನೆಗೆ ಹೋದಾಗಲೆಲ್ಲ ಮಜ್ಜಿಗೆ ತಂದಿಟ್ಟು, ಎದುರು ಕುಳಿತು, ಮೊದಲು ಕೇಳುತ್ತಿದ್ದುದು ಕಿವಿ ಹೆಂಗದೆ ಮಗಾ ಎಂದು. ಚೆನ್ನಾಗದೆ ಅತ್ತೆ ಎಂದು ಅರವತ್ತು ವರ್ಷ ಹೇಳಿದ್ದೇನೆ.

ರೂಪಾಳ ಪೆಟ್ಟಿಗೆ ಐದನೆಯ ದಿನಕ್ಕೆ ಬಂತು. ನಾನು ಹೇಳಿದ್ದನ್ನೇ ತರಿಸಿದ್ದಳು, ಕೊಳವೆಯ ಜಾಡಿ. ದ್ರಾಕ್ಷಿ ಜಜ್ಜಿ ಹಾಕಿ, ಬಿರಡೆ ಒತ್ತಿ, ಕೊಳವೆಗೆ ನೀರು ತುಂಬಿ ಅಡಿಗೆಮನೆಯ ಕಟ್ಟೆಯ ಮೇಲಿಟ್ಟಳು. ಮಾರನೆಯ ದಿನ ಅದು ಶುರುಮಾಡಿತು. ಒಳಗಿನ ಉಸಿರು ನೀರನ್ನು ತಳ್ಳಿಕೊಂಡು ಒಂದೊಂದೇ ಗುಳ್ಳೆಯಾಗಿ ಹೊರಬರುವುದು, ಗುಳುಕ್ ಎನ್ನುವುದು. ಉಸಿರು ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಬೆರಳುದ್ದದ ಒಂದು ಪ್ಲಾಸ್ಟಿಕ್ಕಿನ ಸಾಮಾನು. ನಾನು ಹಜಾರದಲ್ಲಿ ಪೇಪರ್ ಹಿಡಿದು ಕುಳಿತು ದಿನವಿಡೀ ಅದನ್ನು ಕೇಳಿದೆ. ಮೂರನೆಯ ದಿನ ಅದನ್ನು ಕೇಳುತ್ತ ಕೂರಲಾಗಲಿಲ್ಲ. ಕಿಟ್ಟಿನಲ್ಲಿ ಅಂಥದೇ ಇನ್ನೊಂದು ಕೊಳವೆ ಹೆಚ್ಚಿಗೆ ಇತ್ತು. ರೂಪಾಳನ್ನು ಕೇಳಿ ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ನರಸೀಪುರದ ಬಸ್ಸು ಹತ್ತಿದೆ.

ಅತ್ತೆ ಮಹದೇವನ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಪಕ್ಕದಲ್ಲಿ ಮಹದೇವನ ಹೆಂಡತಿ ಸುಧಾ. ಒಳಗೆ ಮಹದೇವ ಟಿವಿ ನೋಡುತ್ತಿದ್ದ. ಈಗ ಎರಡು ವರ್ಷದಿಂದ ಅತ್ತೆಗೆ ಕಿವಿ ನಿಜವಾಗಿಯೂ ಕೇಳುವುದಿಲ್ಲ. ನನ್ನನ್ನು ನೋಡಿ ನಕ್ಕು, ಪಕ್ಕದ ಜಾಗ ಕೈಯಿಂದ ಒರೆಸಿದಳು. ಕೊಳವೆಯನ್ನು ಅವಳ ಅಂಗೈ ಮೇಲೆ ಇಟ್ಟೆ. ಏನಿದು, ಮಕ್ಕಳ ಪೀಪಿಯಾ ಎಂದಳು. ಜಾಡಿಯ ಬಾಯಿಗೆ ಇಡುವುದು, ಉಸಿರು ತಾನೇ ಆಚೆ ಬರುತ್ತದೆ, ಗುಳ್ಳೆ ನಿಂತರೆ ಮಾತು ನಿಂತ ಹಾಗೆ, ಕಣ್ಣಲ್ಲಿ ನೋಡಿದರೆ ಸಾಕು ಎಂದು ಸನ್ನೆ ಮಾಡಿ, ಕೂಗಿ ಹೇಳಿದೆ.

“ಕಿವಿ ಬ್ಯಾಡ್ವಾ?”

“ಬ್ಯಾಡ ಅತ್ತೆ.”

“ಅಂಗಾರೆ ನನ್ನಂಥೋಳ್ಗೇ ಮಾಡವ್ರೆ.”

ಸುಧಾ ನಕ್ಕಳು, ಅತ್ತೆಯೂ ನಕ್ಕಳು. ನಕ್ಕು ಮುಗಿಸಿ, ಅಭ್ಯಾಸದಂತೆ, ನಿನ್ ಕಿವಿ ಹೆಂಗದಪ್ಪ ಎಂದಳು. ನಾನು ಅವಳ ಹತ್ತಿರ ಬಗ್ಗಿ, ಅವತ್ತು ನನಗೆ ಕೇಳಿಸಿತ್ತು ಅತ್ತೆ ಎಂದೆ. ಅವಳು ಏನಂದೆ ಎಂದಳು. ಇನ್ನೊಮ್ಮೆ ಹೇಳಿದೆ. ಅವಳು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಹತ್ತಿರ ಬಂದಳು. ಸುಧಾ ಸುಲಿಯುವುದು ನಿಲ್ಲಿಸಿ ನೋಡುತ್ತಿದ್ದಳು. ಇಂಥ ಮಾತನ್ನು ಮೆಲ್ಲಗೆ, ಒಬ್ಬಳಿಗೇ ಹೇಳಿ, ಕಾಲು ಹಿಡಿದು ಎದ್ದುಬರುತ್ತೇನೆ ಎಂದು ಬಸ್ಸಿನುದ್ದಕ್ಕೂ ಅಂದುಕೊಂಡಿದ್ದೆ. ಮೆಲ್ಲಗೆ ಹೇಳುವ ಕಾಲವನ್ನು ನಾನೇ ಕಳೆದಿದ್ದೆ. ಮೂರನೆಯ ಸಲ ಎದುರು ಮನೆಯವರು ಬಾಗಿಲಿಗೆ ಬರುವಷ್ಟು ಗಟ್ಟಿಯಾಗಿ ಕೂಗಿದೆ.

“ಜಾಡಿ ಮಾತಾಡ್ತಿತ್ತು ಅತ್ತೆ. ನಂಗೆ ಕೇಳ್ತಿತ್ತು. ವಾಸನೆ ನಿಲ್ಲಲಿ ಅಂತ ಸುಳ್ಳು ಹೇಳ್ದೆ. ಕಡ್ಡಿ ಆರಿದ್ದೂ ಗಾಳಿಗಲ್ಲ.”

ಮಹದೇವ ಟಿವಿ ನಿಲ್ಲಿಸಿ ಹೊರಗೆ ಬಂದ. ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು.

“ನಿನ್ ಕಿವಿ ನೆಟ್ಟಗಿತ್ತಾ?”

“ನೆಟ್ಟಗಿತ್ತು ಅತ್ತೆ.”

“ಅಂಗಾರೆ ನಂದೂ ನೆಟ್ಟಗಿತ್ತಾ?”

ನಾನು ತಲೆಯಾಡಿಸಿದೆ. ಬಯ್ಯುತ್ತಾಳೆಂದು, ಅಳುತ್ತಾಳೆಂದು, ಹೋಗಲಿ ಬಿಡು ಎನ್ನುತ್ತಾಳೆಂದು, ಮೂರಕ್ಕೂ ಸಿದ್ಧನಾಗಿ ಹೋಗಿದ್ದೆ. ಅವಳು ಮೂರನ್ನೂ ಮಾಡಲಿಲ್ಲ. ಮಡಿಲಿನ ಸಿಪ್ಪೆ ಕೊಡವಿ, ಮಹದೇವನ ಕಡೆ ತಿರುಗಿದಳು. ಊರಿನ ಸುದ್ದಿ ಹೇಳುವವಳ ಹಾಗೆ, ಕಿವುಡರು ಮಾತಾಡುವಷ್ಟು ಗಟ್ಟಿಯಾಗಿ ಹೇಳಿದಳು.

“ಅದು ಮಾತಾಡ್ತಿತ್ತಂತೆ ಕಣೋ ಮಾದೇವ. ನಂಗೆ ಸರಿಯಾಗೇ ಕೇಳಿತ್ತು.”

ಆಮೇಲೆ ಅದನ್ನೇ ಸುಧಾಳಿಗೆ ಹೇಳಿದಳು. ಎದುರು ಬಾಗಿಲಲ್ಲಿ ನಿಂತ ಹೆಂಗಸಿಗೆ ಹೇಳಿದಳು. ಆ ಹೆಂಗಸು ಯಾವ ಜಾಡಿ, ಯಾವ ಮಾತು ಎಂದು ಏನೂ ತಿಳಿಯದೆ, ಹೌದಾ ಅಜ್ಜಿ ಎಂದಳು. ಹೂಂ ಕಣವ್ವ, ನಂಗೆ ಕೇಳಿತ್ತು ಎಂದು ಅತ್ತೆ ಮತ್ತೆ ಹೇಳಿದಳು. ನಾನು ಅವಳ ಪಾದ ಮುಟ್ಟಿದೆ. ಅವಳು ಕಾಲು ಎಳೆದುಕೊಳ್ಳಲೂ ಇಲ್ಲ, ತಲೆಯ ಮೇಲೆ ಕೈ ಇಡಲೂ ಇಲ್ಲ. ಅವಳಿಗೆ ಬಿಡುವಿರಲಿಲ್ಲ. ನಾನು ಬೀದಿಯ ತಿರುವಿಗೆ ಬರುವ ತನಕ ಅವಳ ದನಿ ಹಿಂದಿನಿಂದ ಬರುತ್ತಲೇ ಇತ್ತು. ಯಾರಿಗೋ ಹೇಳುತ್ತಿದ್ದಳು. ನನ್ನ ಕಿವಿಗೆ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು.